ಮಂಡೂಕಾನ್ವೇಷಣೆ

ಪಕ್ಷಿವೀಕ್ಷಣೆಗೆ ಹೊರಟವನನ್ನು ಲೋಕವು ರಸಿಕನೆಂದು ಕರೆಯುತ್ತದೆ. ಕೊರಳಿಗೆ ದುರ್ಬೀನು ತೂಗಹಾಕಿಕೊಂಡು ಮುಂಜಾನೆಯ ಮಂಜಿನಲ್ಲಿ ಕೆರೆಯ ಏರಿಯ ಮೇಲೆ ನಡೆಯುವ ಆತನನ್ನು ಕಂಡರೆ ದಾರಿಹೋಕರೂ ಗೌರವದಿಂದ ಬದಿಗೆ ಸರಿಯುತ್ತಾರೆ. ಆದರೆ ರಾತ್ರಿಯ ಊಟ ಮುಗಿಸಿ, ಜಡಿಮಳೆಯಲ್ಲಿ, ಮೊಣಕಾಲುದ್ದದ ಗಂಬೂಟು ತೊಟ್ಟು, ಕೈಯಲ್ಲೊಂದು ಬ್ಯಾಟರಿ ಹಿಡಿದು 'ಕಪ್ಪೆ ನೋಡಿಕೊಂಡು ಬರುತ್ತೇನೆ' ಎಂದು ಹೊರಡುವ ಗೃಹಸ್ಥನ ವಿಷಯದಲ್ಲಿ ಅದೇ ಲೋಕವು ಅಷ್ಟು ಉದಾರವಾಗಿ ವರ್ತಿಸುವುದಿಲ್ಲ. ಮಳೆ ಕೈಕೊಟ್ಟ ವರ್ಷ ವಾದ್ಯಸಮೇತ ಕಪ್ಪೆಗಳ ಮದುವೆ ಮಾಡಿಸುವ ನಮ್ಮ ಜನ, ಮಳೆ ಬಂದ ಮೇಲೆ ಆ ದಂಪತಿಗಳ ಯೋಗಕ್ಷೇಮವನ್ನು ವಿಚಾರಿಸಲು ಹೋದದ್ದನ್ನು ನಾನಂತೂ ಕಂಡಿಲ್ಲ. ವಿಚಾರಿಸಲು ಹೋಗುವ ಕೆಲವೇ ಮಂದಿಯಲ್ಲಿ ನಾನೂ ಒಬ್ಬನಾದದ್ದು ಹೇಗೆಂಬುದನ್ನು ಹೇಳುವುದು ಉಚಿತ.

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಕಪ್ಪೆಯೆಂದರೆ ಬಾವಿಯೊಳಗೊಂದು, ಪಾಠಪುಸ್ತಕದೊಳಗೊಂದು, ಅಷ್ಟೆ. ಉದ್ಯೋಗದ ನಿಮಿತ್ತ ಮೂಡಿಗೆರೆಯ ಕಡೆಗೆ ವರ್ಗವಾಗಿ, ಕಾಫಿತೋಟದ ಅಂಚಿನ ಹೆಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದ ಮೇಲೆ, ಆರಿದ್ರಾ ಮಳೆ ಹಿಡಿದ ರಾತ್ರಿಗಳಲ್ಲಿ ದೀಪವಾರಿಸಿ ಮಲಗಿದರೆ ಒಂದು ಕಡೆಯಿಂದ ಟಿಕ್ ಟಿಕ್ ಎಂದೂ, ಇನ್ನೊಂದು ಕಡೆಯಿಂದ ಟ್ರೀ ಎಂದೂ, ಮತ್ತೆಲ್ಲಿಂದಲೋ ಮುದುಕರೊಬ್ಬರು ಕೆಮ್ಮಿದಂತೆಯೂ ಕೇಳಿಬರುತ್ತಿದ್ದ ಆ ಗೋಷ್ಠಿಯ ಮುಂದೆ ನಿದ್ರೆಯೆಂಬುದು ಅಸಾಧ್ಯವಾಗಿತ್ತು. ಮನೆಯ ಯಜಮಾನರನ್ನು ಕೇಳಿದರೆ, 'ಅದು ಎಂತದೋ ಹುಳ ಮಾರಾಯ್ರೆ, ಸ್ವಲ್ಪ ದಿನ ಹೋದ್ರೆ ಕೇಳೋದೇ ಇಲ್ಲ ನಿಮಗೆ' ಎಂದರು. ಕೇಳದಂತಾಗುವ ಮೊದಲೇ ಅದೇನೆಂದು ನೋಡಬೇಕೆಂಬ ಹಟ ನನಗೆ ಹುಟ್ಟಿತು. ಆಗ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಭಾವಮೈದುನ ಅಕ್ಕನ ಮನೆಗೆಂದು ಬಂದಿದ್ದನು. ಅವನನ್ನೇ ಜೊತೆಗೆ ಎಬ್ಬಿಸಿಕೊಂಡು ಹೊರಟೆನು.

ಈ ಕೂಗಿನ ಮಾಯೆಯೇನೆಂದರೆ, ಎಡಕ್ಕೆ ನಿಂತರೆ ಬಲದಿಂದಲೂ ಬಲಕ್ಕೆ ನಿಂತರೆ ಎಡದಿಂದಲೂ ಬಂದಂತೆ ತೋರಿ, ಸಮೀಪಿಸಿದೊಡನೆ ನಿಂತುಬಿಡುತ್ತದೆ. ಇದಕ್ಕೆ ಬಲ್ಲವರು ಕಂಡುಕೊಂಡಿರುವ ಉಪಾಯ ಸರಳವಾದುದು: ಇಬ್ಬರು ಸ್ವಲ್ಪ ಅಂತರದಲ್ಲಿ ದೀಪವಾರಿಸಿ ನಿಂತು, ಕೂಗು ಮತ್ತೆ ಆರಂಭವಾಗುವವರೆಗೂ ಅಲುಗಾಡದೆ ಕಾದಿದ್ದು, ತಂತಮ್ಮ ಕಿವಿ ತೋರಿದ ದಿಕ್ಕಿಗೆ ಒಮ್ಮೆಗೇ ಬೆಳಕು ಬಿಡಬೇಕು, ಎರಡು ಬೆಳಕುಗಳು ಎಲ್ಲಿ ಕೂಡುತ್ತವೆಯೋ ಅಲ್ಲಿ ಗಾಯಕನಿದ್ದಾನೆ. 'ಭಾವ, ಇದು ಮಿಡತೆ ಕಣ್ರೀ, ಮನೆಗೆ ಹೋಗೋಣ' ಎಂದು ಗೊಣಗುತ್ತಿದ್ದ ಹುಡುಗನೇ ಮೊದಲು ಅದನ್ನು ಕಂಡವನು. ಕಾಫಿಯ ಎಲೆಯ ಮೇಲೆ, ಹೆಬ್ಬೆರಳಿನ ತುದಿಗೆಣ್ಣಿನಷ್ಟು ಮಾತ್ರವೇ ಇದ್ದ ಕಂದುಬಣ್ಣದ ಪ್ರಾಣಿಯೊಂದು ಗಂಟಲ ಚೀಲವನ್ನು ಊದಿಕೊಂಡು ಕುಳಿತಿತ್ತು. ಆ ಚೀಲ ಎಷ್ಟು ತೆಳುವೆಂದರೆ ನಮ್ಮ ಬೆಳಕು ಈ ಬದಿಯಿಂದ ಹೊಕ್ಕು ಆ ಬದಿಯಿಂದ ಹೊರಬೀಳುತ್ತಿತ್ತು, ಎಷ್ಟು ದೊಡ್ಡದೆಂದರೆ ಅದರ ಹಿಂದೆ ಕಪ್ಪೆಯೂ ಇದೆಯೆಂದು ತಿಳಿಯಲು ಪಕ್ಕಕ್ಕೆ ಬಾಗಿ ನೋಡಬೇಕಾಯಿತು. ಅದು ಪೊದೆಗಪ್ಪೆಯೆಂದೂ, ಆ ಕುಲದವಕ್ಕೆ ಗೊದಮೊಟ್ಟೆಯ ಬಾಲ್ಯವೇ ಇಲ್ಲವೆಂದೂ, ಕೆರೆಕುಂಟೆಗಳ ಹಂಗಿಲ್ಲದೆ ತೇವದಲ್ಲಿಟ್ಟ ಮೊಟ್ಟೆಯೊಳಗಿಂದ ನಾಲ್ಕು ಕಾಲಿನ ಪುಟ್ಟ ಕಪ್ಪೆಯೇ ನೇರವಾಗಿ ಹೊರಬರುತ್ತದೆಂದೂ ಆಮೇಲೆ ಓದಿ ತಿಳಿದೆನು. ಕಪ್ಪೆಯ ಜೀವನಚಕ್ರವನ್ನು ಅಚ್ಚುಕಟ್ಟಾಗಿ ಬರೆದು ಶಾಲೆಯಲ್ಲಿ ನಾನು ಗಳಿಸಿದ್ದ ಅಂಕಗಳು ನನ್ನ ಮನೆಯ ಹಿತ್ತಲಿಗೇ ಅನ್ವಯಿಸುತ್ತಿರಲಿಲ್ಲ.

ಹಾಗೆ ಓದುತ್ತ ಹೋದಾಗ ದೊರೆತವರು ಸಿ. ಆರ್. ನಾರಾಯಣರಾಯರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸುತ್ತಿದ್ದವರು, 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಪ್ರಥಮ ಸಂಪಾದಕರು. ಆ ಕಾಲೇಜಿನ ಗಡಿಯಾರದ ಗೋಪುರದ ಮುಂದೆ ವಿದ್ಯಾರ್ಥಿದೆಸೆಯಲ್ಲಿ ನಿತ್ಯವೂ ಹಾದುಹೋಗುತ್ತಿದ್ದ ನಾನು ಅವರ ಹೆಸರನ್ನು ಕೇಳಿದವನಲ್ಲ. ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ಕುರಿತು ಅವರು 1937ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಪ್ರಕಟಿಸಿದ ಲೇಖನದಲ್ಲಿ ನಮ್ಮ ಊರುಗಳೇ ಲ್ಯಾಟಿನ್ ವೇಷ ತೊಟ್ಟು ನಿಂತಿವೆ: ಒಂದು ಕಪ್ಪೆಗೆ ಕೊಟ್ಟಿಗೆಹಾರದ ಹೆಸರು, ಮತ್ತೊಂದಕ್ಕೆ ಸಕಲೇಶಪುರದಾಚೆಯ ಕೆಂಪುಹೊಳೆಯ ಹೆಸರು. ಘಟ್ಟದ ಹಳ್ಳಕೊಳ್ಳಗಳಿಗೆ ಹೋಗಿಬರುವುದು ಇಂದಿನಷ್ಟು ಸುಲಭವಾಗಿರದ ಕಾಲದಲ್ಲಿ ಶೇಖರಗೊಂಡು, ಸೀಸೆಗಳಲ್ಲಿ ಮುಳುಗಿ ಕಾಲೇಜಿನ ಬೀರುವಿನಲ್ಲಿ ಸಾಲಾಗಿ ನಿಂತ ಆ ಮಾದರಿಗಳು, ಅಯ್ಯೋ, ಉಳಿಯಲಿಲ್ಲ, ಕಾಲಾಂತರದಲ್ಲಿ ಕಳೆದುಹೋದವು. ರಾಯರು ಬರೆದದ್ದು ಯಾವ ಕಪ್ಪೆಯನ್ನು ಕುರಿತು ಎಂಬುದನ್ನು ನಿಶ್ಚಯಿಸಲು ನಂತರದ ಸಂಶೋಧಕರು ಮತ್ತೆ ಅವೇ ಹಳ್ಳಗಳಿಗೆ ಇಳಿಯಬೇಕಾಯಿತು. 2010ರಲ್ಲಿ ವಿಜ್ಞಾನಿಗಳು ಪೊದೆಗಪ್ಪೆಗಳ ಒಂದು ಕುಲಕ್ಕೇ ರಾಯರ ಹೆಸರು ಕೊಟ್ಟು 'ರಾವೋರ್ಕೆಸ್ಟಿಸ್' ಎಂದು ಕರೆದರು. ನನಗೆ ಇದರಲ್ಲಿ ಒಂದು ಬಗೆಯ ನ್ಯಾಯ ಕಾಣುತ್ತದೆ: ಸೀಸೆಯೊಳಗಿನವು ನಾಶವಾದವು, ಹೊರಗಿದ್ದವು ಕೂಗುತ್ತಲೇ ಇವೆ.

ಕೊಟ್ಟಿಗೆಹಾರದ ಕಪ್ಪೆಯನ್ನು ನೋಡಲು ರಾತ್ರಿ ಕೆಡಬೇಕಾಗಿಲ್ಲ. ಅದು ಹಗಲಿನ ಪ್ರಾಣಿ. ಮಳೆಯ ಆರ್ಭಟವಿಳಿದು ಹಳ್ಳದ ನೀರು ತಿಳಿಯಾಗುವ ಕಾಲಕ್ಕೆ ಹೋಗಬೇಕು. ಇಂಬಳಗಳ ಕಾಟಕ್ಕೆ ಕಾಲುಚೀಲದ ಮೇಲೆ ಉಪ್ಪು ಸುಣ್ಣ ನಶ್ಯಗಳನ್ನು ಶ್ರದ್ಧೆಯಿಂದ ಲೇಪಿಸಿಕೊಂಡು ಹೋಗುವ ಪದ್ಧತಿಯುಂಟು. ಇಂಬಳಗಳು ಅದನ್ನು ದಾಟಿ ಮೇಲೆ ಹತ್ತುವ ಪದ್ಧತಿಯೂ ಉಂಟು. ನೀರು ಚಿಮ್ಮುವ ಬಂಡೆಯೊಂದರ ಮೇಲೆ ಕುಳಿತಿದ್ದ ಗಂಡುಕಪ್ಪೆ ಮೊದಲು ಬಿಳಿಯ ಗಂಟಲನ್ನುಬ್ಬಿಸಿ ಕೂಗಿತು. ಹಳ್ಳದ ಭೋರ್ಗರೆತದಲ್ಲಿ ಆ ಕೂಗು ನಮಗೆ ಕೇಳಿಸಿದ್ದು ಅರ್ಧ ಮಾತ್ರ. ಬಳಿಕ ಒಂದು ಹಿಂಗಾಲನ್ನು ನಿಧಾನವಾಗಿ ಮೇಲೆತ್ತಿ, ಪೂರ್ತಿ ನೀಡಿ, ಬೆರಳುಗಳ ನಡುವಿನ ಪೊರೆಯನ್ನು ಬಿಡಿಸಿ ತೋರಿಸಿ, ಹಿಂದಕ್ಕೆಳೆದುಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕಾಲು. ಸದ್ದಿನಲ್ಲಿ ಸೋತುಹೋಗಬಹುದಾದ ಮಾತನ್ನು ಅಂಗಾಭಿನಯದಿಂದ ತಲುಪಿಸುವ ಈ ಕುಟುಂಬದ ಕಪ್ಪೆಗಳು ಪಶ್ಚಿಮಘಟ್ಟವನ್ನು ಬಿಟ್ಟು ಪ್ರಪಂಚದ ಬೇರಾವ ಮೂಲೆಯಲ್ಲಿಯೂ ಇಲ್ಲ. 2014ರಲ್ಲಿ ಒಂದೇ ಲೇಖನದಲ್ಲಿ ಇವುಗಳ 14 ಹೊಸ ಪ್ರಭೇದಗಳನ್ನು ವರ್ಣಿಸಲಾಯಿತು. ಪ್ರತಿಸ್ಪರ್ಧಿ ತೀರ ಹತ್ತಿರ ಬಂದರೆ ಅದೇ ಕಾಲು ಒದೆಯಲೂ ಒದಗುತ್ತದೆ. ಒದೆತ ತಿಂದ ನರ್ತಕನೊಬ್ಬನು ನೀರಿಗೆ ಬಿದ್ದು, ತೇಲಿಹೋಗಿ, ಪಕ್ಕದ ಬಂಡೆಯನ್ನೇರಿ, ಏನೂ ಆಗಿಲ್ಲವೆಂಬಂತೆ ಮತ್ತೆ ಕಾಲೆತ್ತಿದ್ದನ್ನು ನೋಡಿ ನಾವಿಬ್ಬರೂ ನಕ್ಕೆವು. ಕಚೇರಿಯಲ್ಲಿ ಅಂಥವರು ನನಗೆ ಪರಿಚಿತರು.

ಕನ್ನಡದ ಓದುಗರಿಗೆ ಆ ಸೀಮೆಯೆಂದರೆ ನೆನಪಾಗುವುದು ಕಪ್ಪೆಯಲ್ಲ, ಹಾರುವ ಓತಿ. 1980ರಲ್ಲಿ ತೇಜಸ್ವಿಯವರ 'ಕರ್ವಾಲೊ' ಬಂದ ಮೇಲೆ ಆ ಓತಿಗೆ ಪೌರಾಣಿಕವಾದೊಂದು ಘನತೆ ಬಂದುಬಿಟ್ಟಿತು. ವಾಸ್ತವದಲ್ಲಿ ಅದು ಅಡಕೆತೋಟಗಳ ಖಾಯಂ ನಿವಾಸಿ. ಮರದ ಕಾಂಡಕ್ಕೆ ಅಂಟಿಕೊಂಡು ಇರುವೆಗಳನ್ನು ನೆಕ್ಕುತ್ತ, ಗಂಡಾದರೆ ಗಂಟಲಿನ ಹಳದಿಯ ಪತಾಕೆಯನ್ನು ಆಗಾಗ ಬಿಚ್ಚಿ ಮಡಿಸುತ್ತ, ಮನಸ್ಸಾದಾಗ ಪಕ್ಕೆಲುಬುಗಳ ಮೇಲಿನ ತೊಗಲನ್ನು ಹರಡಿ ಇನ್ನೊಂದು ಮರಕ್ಕೆ ತೇಲಿಹೋಗುತ್ತದೆ. ಕಾದಂಬರಿಯಲ್ಲಿ ಅದು ಕಡೆಗೂ ಕೈಗೆ ಸಿಗದೆ ಹೋಗುವುದು ನನ್ನ ಮಟ್ಟಿಗೆ ಈ ಹವ್ಯಾಸದ ಸರಿಯಾದ ವ್ಯಾಕರಣ. ಇಂದಿನ ಕೆಲವರು ಇದನ್ನೊಪ್ಪುವುದಿಲ್ಲ. ಚಿತ್ರ ಚೆನ್ನಾಗಿ ಬರಲೆಂದು ಗುಳಿಮಂಡಲವನ್ನು ಕೋಲಿನಿಂದ ಎಬ್ಬಿಸಿ ಅಂದವಾದ ಕೊಂಬೆಗೆ ವರ್ಗಾಯಿಸುವವರನ್ನೂ, ಕೀಟನಿವಾರಕ ಹಚ್ಚಿದ ಕೈಯಿಂದಲೇ ಕಪ್ಪೆಯನ್ನು ಹಿಡಿದು ಅಂಗೈಯ ಮೇಲೆ ಕೂರಿಸಿಕೊಳ್ಳುವವರನ್ನೂ ನಾನು ಕಂಡಿದ್ದೇನೆ. ಕಪ್ಪೆಯ ಚರ್ಮ ಹೀರುವ ಚರ್ಮ. ನಮ್ಮ ಕೈಗೆ ಮದ್ದಾದುದು ಅದಕ್ಕೆ ವಿಷ. ಹಾವನ್ನು ಹಿಡಿದಾಡಿಸುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡ್ಡಿಯುಂಟೆಂಬುದನ್ನು ಹೇಳಿದರೆ, ನಮ್ಮ ವಯಸ್ಸನ್ನು ನೋಡಿ ನಗುತ್ತಾರೆ. ಮಲಬಾರಿನ ಗುಳಿಮಂಡಲವು ಹಸುರು, ಕಂದು, ಹಳದಿ ಎಂದು ಒಂದೇ ಜಾತಿಯಲ್ಲಿ ನಾನಾ ಬಣ್ಣಗಳನ್ನು ಧರಿಸಿ, ಬೇಟೆ ತಾನಾಗಿ ಬರಲೆಂದು ಒಂದೆಡೆಯಲ್ಲೇ ಗಂಟೆಗಟ್ಟಲೆ ಕುಳಿತಿರುತ್ತದೆ; ಅಷ್ಟು ತಾಳ್ಮೆಯ ಪ್ರಾಣಿಯೆದುರು ನಿಲ್ಲುವವನು ಅದರಲ್ಲಿ ಕಾಲುಭಾಗದ ತಾಳ್ಮೆಯನ್ನಾದರೂ ತರಬಾರದೆ? ನಾನಂತೂ ಹಾವಿನ ವಿಷಯದಲ್ಲಿ ಅಂತರವನ್ನು ಬಹಳ ಪ್ರೀತಿಸುತ್ತೇನೆ, ಅದು ಶಾಸ್ತ್ರವೋ ಭಯವೋ ಎಂದು ವಿಂಗಡಿಸಲು ಹೋಗಿಲ್ಲ.

ನಿವೃತ್ತಿಯಾಗಿ ಬೆಂಗಳೂರಿಗೆ ಮರಳಿದ ಮೇಲೆಯೂ ಚಟ ಬಿಟ್ಟಿಲ್ಲ. ರಾಯರ ಪಟ್ಟಿಯಲ್ಲಿ ನಾನು ನೋಡದೆ ಉಳಿದಿರುವುದರಲ್ಲಿ ಕೆಂಪುಹೊಳೆಯದೇ ಮುಖ್ಯವಾದುದು. ಮೀಸಲು ಅರಣ್ಯವಾದುದರಿಂದ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ; ಅರ್ಜಿ ಬರೆದಿಟ್ಟಿದ್ದೇನೆ. ಈಗ ತಾನೂ ನರೆತಲೆಯವನಾದ ಭಾವಮೈದುನ ನನ್ನದಕ್ಕಿಂತ ಪ್ರಖರವಾದ ತಲೆದೀಪವೊಂದನ್ನು ಕೊಂಡಿದ್ದಾನೆ, ಹೋಗುವ ದಾರಿಯನ್ನು ಮಾತ್ರ ಕೊಟ್ಟಿಗೆಹಾರದ ಮೇಲೆ ಹಾಕಬೇಕೆನ್ನುತ್ತಾನೆ. ಅದು ಸುತ್ತಿನ ದಾರಿಯೆಂದರೆ, ಅಲ್ಲಿಯ ನೀರುದೋಸೆಗೆ ಅಷ್ಟು ಸುತ್ತುವುದು ತಪ್ಪಲ್ಲವೆಂದು ಅವನ ವಾದ. ಅರ್ಜಿಯ ಮೇಲೆ ಅವನ ರುಜುವೂ ಬೇಕಾಗಿರುವುದರಿಂದ ನಾನು ಒಪ್ಪಿಕೊಂಡಿದ್ದೇನೆ.