ಇಷ್ಟೂ ಗೊತ್ತಿಲ್ಲವೆ?

ನಮ್ಮ ಭಾಷೆಯಲ್ಲಿ ಬೈಗುಳಗಳಿಗೇನೂ ಬರವಿಲ್ಲ. ಆದರೆ ಬೈಗುಳವೆಂದು ಯಾರೂ ಲೆಕ್ಕಕ್ಕೆ ಹಿಡಿಯದ, ಆದರೂ ಮನಸ್ಸಿಗೆ ನೇರವಾಗಿ ನಾಟುವ ಮಾತೊಂದಿದೆ: "ಅಯ್ಯೋ, ಇಷ್ಟೂ ಗೊತ್ತಿಲ್ವಾ?" ಹೇಳಿದವರು ಮರುಗಳಿಗೆಯಲ್ಲೇ ಅದನ್ನು ಮರೆಯುತ್ತಾರೆ. ಕೇಳಿಸಿಕೊಂಡವರು ಮಾತ್ರ ಆ ವಿಷಯವಾಗಿ ಮತ್ತೆ ಬಾಯಿ ತೆರೆಯುವುದಿಲ್ಲ. ಬೈದರೆ ತಿರುಗಿ ಬೈಯಬಹುದು. ಈ ಮಾತಿಗೆ ಉತ್ತರವೇ ಇಲ್ಲ. ಏಕೆಂದರೆ ಗೊತ್ತಿಲ್ಲ ಎಂಬುದು ನಿಜ. ಗೊತ್ತಿಲ್ಲದ್ದರಿಂದಲೇ ತಾನೆ ಕೇಳಿದ್ದು!

ಶಾಲೆಗಳಿಗೆ ಕಂಪ್ಯೂಟರ್ ಬಂದ ಮೇಲೆ ಈ ಮಾತು ಸ್ಟಾಫ್ ರೂಮಿನಲ್ಲೂ ಹೆಚ್ಚಾಗಿ ಕೇಳತೊಡಗಿತು. ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಸುತ್ತೋಲೆಗೆ ಉತ್ತರ ಎಲ್ಲವನ್ನೂ ಟೈಪು ಮಾಡಬೇಕು. ಕರಿಹಲಗೆಯ ಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ನಮ್ಮ ಹಿರಿಯ ಕನ್ನಡ ಮೇಡಂ ಒಬ್ಬರು ಮೊದಲ ಬಾರಿಗೆ 'ನುಡಿ' ತಂತ್ರಾಂಶದ ಮುಂದೆ ಕುಳಿತು, "ಅಲ್ಲಪ್ಪಾ, ಇದರಲ್ಲಿ ಒತ್ತಕ್ಷರ ಎಲ್ಲಿದೆ?" ಎಂದು ಕೇಳಿದರು. ಕಂಪ್ಯೂಟರ್ ಬಲ್ಲ ಎಳೆಯ ಮೇಷ್ಟರು, "ಅದು ಬೇಸಿಕ್ ಅಲ್ವಾ ಮೇಡಂ" ಎಂದು ನಕ್ಕು, ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡು ಟಕಟಕನೆ ಎಲ್ಲವನ್ನೂ ಒತ್ತಿಕೊಟ್ಟರು. ಕೆಲಸವೇನೋ ಆಯಿತು, ಕಲಿಕೆ ಆಗಲಿಲ್ಲ. ಮೇಡಂ ಅವತ್ತಿನಿಂದ ಆ ಮೇಜಿನ ಕಡೆಗೆ ತಲೆ ಹಾಕುವುದನ್ನೇ ಬಿಟ್ಟರು.

ಅವರ ಪ್ರಶ್ನೆಯಲ್ಲಿ ನಗುವಂಥದ್ದೇನಿತ್ತು ಹೇಳಿ? ಇಂಗ್ಲಿಷಿನದು 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಅದರ ಮೇಲೆ ಕಾಗುಣಿತ, ಒತ್ತಕ್ಷರಗಳ ಸಂಸಾರ. ಇಷ್ಟು ದೊಡ್ಡ ಕುಟುಂಬ ಆ ಪುಟ್ಟ ಮನೆಯಲ್ಲಿ ಹೇಗೆ ಹಿಡಿಸೀತು ಎಂದು ಯಾರಿಗೂ ಅನ್ನಿಸಬೇಕಾದ್ದೇ. ಇದಕ್ಕೊಂದು ದಾರಿ ಕಂಡುಕೊಟ್ಟವರು ಕೆ.ಪಿ. ರಾವ್. ಅವರ ವಿನ್ಯಾಸವನ್ನೇ ಆಧರಿಸಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಿತು. ಅದರಲ್ಲಿ 'ಅಮ್ಮ' ಎಂದು ಬರೆಯಲು ಎ, ಎಂ, ಎಫ್, ಎಂ ಒತ್ತಬೇಕು. ಆ ಎಫ್ ಕೀಲಿ ಏನು ಮಾಡುತ್ತದೆ? ವ್ಯಂಜನದೊಳಗಿನ 'ಅ'ಕಾರವನ್ನು ತೆಗೆದುಹಾಕಿ ಮುಂದಿನ ವ್ಯಂಜನಕ್ಕೆ ಜಾಗ ಮಾಡಿಕೊಡುತ್ತದೆ. ವ್ಯಂಜನಕ್ಕೆ ಸ್ವರ ಸೇರಿದರೆ ಗುಣಿತಾಕ್ಷರ, ವ್ಯಂಜನಕ್ಕೆ ವ್ಯಂಜನ ಸೇರಿದರೆ ಸಂಯುಕ್ತಾಕ್ಷರ ಎಂದು ನಾವು ಮಕ್ಕಳಿಗೆ ಹೇಳಿಕೊಡುವುದಿಲ್ಲವೆ? ಅದೇ ಇದು. ಕೆಲವು ದಿನಗಳ ಮೇಲೆ ಇನ್ನೊಬ್ಬ ಟೀಚರ್ ಪಕ್ಕದಲ್ಲಿ ಕುಳಿತು ಇಷ್ಟನ್ನು ಬಿಡಿಸಿ ಹೇಳಿದಾಗ ಮೇಡಂ, "ಓಹೋ, ಇದು ನಮ್ಮ ವ್ಯಾಕರಣವೇ!" ಎಂದು ಕುರ್ಚಿ ಮುಂದೆಳೆದುಕೊಂಡರು. ಮೂವತ್ತು ವರ್ಷ ಪಾಠ ಮಾಡಿದ ವಿಷಯ ಅವರಿಗೆ ತಿಳಿಯದೆ ಇದ್ದೀತೆ? ಬಾಗಿಲು ಎಲ್ಲಿದೆ ಎಂದು ತೋರಿಸುವವರು ಬೇಕಿತ್ತು, ಅಷ್ಟೆ.

ಮುಂದೆ ಅವರೇ ಇನ್ನೊಂದು ಪ್ರಶ್ನೆ ತಂದರು. ಶಾಲೆಯಲ್ಲಿ ಚೆನ್ನಾಗಿದ್ದ ಪ್ರಶ್ನೆಪತ್ರಿಕೆ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಅಡ್ಡಾದಿಡ್ಡಿ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ, ಏಕೆ? ಇದೂ 'ಬೇಸಿಕ್' ಪ್ರಶ್ನೆಯೇ. ಆದರೆ ಉತ್ತರದಲ್ಲಿ ಗಣಕದಲ್ಲಿನ ಕನ್ನಡದ ಚರಿತ್ರೆಯೇ ಅಡಗಿದೆ. ಹಳೆಯ ತಂತ್ರಾಂಶಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಬಾಡಿಗೆಗೆ ಕುಳಿತಿದ್ದವು. ಆ ಫಾಂಟ್ ಇಲ್ಲದ ಯಂತ್ರಕ್ಕೆ ಹೋದೊಡನೆ ಮನೆಯ ಯಜಮಾನರೇ ಬಂದು ಬಾಗಿಲು ತೆಗೆಯುತ್ತಿದ್ದರು! ಯೂನಿಕೋಡ್ ಬಂದು ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಟ್ಟಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತಾದರೂ ಅದು ನಮ್ಮ ಮೇಜುಗಳಿಗೆ ತಲುಪಲು ವರ್ಷಗಳೇ ಹಿಡಿದವು. ಪ್ರಶ್ನೆ ಕೇಳಿ ನಕ್ಕವರಲ್ಲಿ ಎಷ್ಟು ಮಂದಿ ಇದನ್ನು ಹೇಳಬಲ್ಲವರು? ಮೂಲಭೂತ ಪ್ರಶ್ನೆ ಎಂದರೆ ಕ್ಷುಲ್ಲಕ ಪ್ರಶ್ನೆಯಲ್ಲ, ಮೂಲಕ್ಕೇ ಕೈಹಾಕುವ ಪ್ರಶ್ನೆ. ಎಷ್ಟೋ ಸಲ ಬಲ್ಲವರು ನಗುವುದು ಉತ್ತರ ಸುಲಭವೆಂದಲ್ಲ, ತಮಗೂ ತಿಳಿಯದೆಂದು.

ಕಂಪ್ಯೂಟರನ್ನೇ ಏಕೆ ದೂರಬೇಕು? ನಮ್ಮ ಅಡಿಗೆಮನೆಯೇನು ಕಡಿಮೆಯೆ? "ಪಾಕ ಹದಕ್ಕೆ ಬಂದಾಗ ಕಡಲೆಹಿಟ್ಟು ಹಾಕು" ಎನ್ನುತ್ತೇವೆ. "ಹದ ಅಂದರೆ ಹೇಗತ್ತೆ?" ಎಂದು ಹೊಸ ಸೊಸೆ ಕೇಳಿದರೆ, "ಅಮ್ಮನ ಮನೇಲಿ ಇಷ್ಟೂ ಹೇಳಿಕೊಡಲಿಲ್ವಾ?" ಮೈಸೂರುಪಾಕು ಕಲ್ಲಾದರೆ ಅದೂ ಅವಳ ತಲೆಗೇ. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಹನಿ ಪಾಕ ತೆಗೆದುಕೊಂಡು ಬಿಡಿಸಿ, "ನೋಡಮ್ಮ, ಒಂದೆಳೆ ಬಂತಲ್ಲ, ಇದೇ ಹದ" ಎಂದು ತೋರಿಸಲು ಅರ್ಧ ನಿಮಿಷ ಸಾಕು.

ಬಲ್ಲವರ ಬೇಸರಕ್ಕೂ ಕಾರಣವಿಲ್ಲದಿಲ್ಲ. ಒಂದೇ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ಉತ್ತರ ಹೇಳುವುದು ಹೇಗೆ ಸುಸ್ತು ತರುತ್ತದೆಂದು ಮೇಷ್ಟರ ಕಸುಬಿನವರಿಗೆ ಬೇರೆ ಹೇಳಬೇಕಾಗಿಲ್ಲ. ಆದರೆ ಹತ್ತನೆಯ ಸಲ ಕೇಳುವ ಮಗುವಿಗೆ ಅದು ಮೊದಲನೆಯ ಸಲ. ಅದೂ ಅಲ್ಲದೆ, ತಾವು ಕಲಿತ ದಿನವನ್ನು ಮರೆಯುವುದು ಮನುಷ್ಯ ಸ್ವಭಾವ. ಸೈಕಲ್ ಬಂದವರಿಗೆ ಬಾರದಿದ್ದ ಕಾಲ ನೆನಪಿರುವುದಿಲ್ಲ. ಮಂಡಿಯ ಗಾಯ ಮಾಯ್ದಂತೆ ನೆನಪೂ ಮಾಯುತ್ತದೆ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗಾರ್ಗಿ ಯಾಜ್ಞವಲ್ಕ್ಯನನ್ನು ಒಂದರ ಮೇಲೊಂದು ಪ್ರಶ್ನೆ ಕೇಳುತ್ತ ಹೋದಾಗ, ಅತಿಯಾಗಿ ಕೇಳಬೇಡ, ತಲೆ ಉದುರಿಬಿದ್ದೀತು ಎಂದು ಆತ ಎಚ್ಚರಿಸುತ್ತಾನೆ. ಆಕೆ ಸುಮ್ಮನಾದಳು, ಆದರೆ ಸಭೆ ಬಿಟ್ಟು ಹೋಗಲಿಲ್ಲ. ಮತ್ತೆ ಎದ್ದು ನಿಂತು ಕೇಳಿದಳು. ಆಗ ಸಿಕ್ಕ ಉತ್ತರವೇ 'ಅಕ್ಷರ', ಎಂದರೆ ನಾಶವಿಲ್ಲದ್ದು. ಗಾರ್ಗಿಯ ಎದೆಗಾರಿಕೆ ಎಲ್ಲರಿಗೂ ಇರಬೇಕೆಂದರೆ ಹೇಗೆ? ನನಗಂತೂ ಪ್ರಶ್ನೋಪನಿಷತ್ತಿನ ಪಿಪ್ಪಲಾದ ಇನ್ನೂ ಹತ್ತಿರದವನಾಗಿ ಕಾಣುತ್ತಾನೆ. ಆರು ಮಂದಿ ಸಮಿತ್ತು ಹಿಡಿದು ಬಂದರೆ, ಒಂದು ವರ್ಷ ಇಲ್ಲಿರಿ, ಆಮೇಲೆ ಬೇಕಾದ್ದು ಕೇಳಿ, ನಮಗೆ ತಿಳಿದಿದ್ದರೆ ಎಲ್ಲವನ್ನೂ ಹೇಳುತ್ತೇವೆ ಎನ್ನುತ್ತಾನೆ. 'ತಿಳಿದಿದ್ದರೆ' ಎಂಬ ಆ ಒಂದು ಮಾತು ನೋಡಿ, ಎಷ್ಟು ದೊಡ್ಡದು!

ಇದೆಲ್ಲ ಬರಿಯ ಮರ್ಯಾದೆಯ ಮಾತೆಂದು ತಿಳಿಯಬೇಡಿ. ನಮ್ಮ ಬೀದಿಯ ಗೃಹಿಣಿಯೊಬ್ಬರು ಹಳೆಯ ಹೊಲಿಗೆ ಯಂತ್ರ ಮಾರಲು ಹೊರಟರು. ಕೊಳ್ಳುತ್ತೇನೆಂದವನು ಫೋನಿಗೆ ಕ್ಯೂಆರ್ ಕೋಡಿನ ಚೌಕ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಒತ್ತಿ ಆಂಟಿ, ದುಡ್ಡು ನಿಮಗೆ ಬರುತ್ತೆ" ಎಂದ. ಅವರಿಗೆ ಅನುಮಾನ ಬಂತು. ಮಗ ಪಕ್ಕದ ಕೋಣೆಯಲ್ಲೇ ಇದ್ದ. ಆದರೂ ಕೇಳಲಿಲ್ಲ. ಏಕೆಂದರೆ ಹಿಂದಿನ ವಾರ ಫೋನಿನ ವಿಷಯಕ್ಕೇ ಏನೋ ಕೇಳಿ, "ಎಷ್ಟು ಸಲ ಹೇಳ್ಲಮ್ಮಾ?" ಎನ್ನಿಸಿಕೊಂಡಿದ್ದರು. ಪಿನ್ ಒತ್ತಿದರು, ಎಂಟು ಸಾವಿರ ಹೋಯಿತು. ಹಣ ಹೋದದ್ದನ್ನೂ ನಾಚಿಕೆಯಿಂದ ಎರಡು ದಿನ ಮುಚ್ಚಿಟ್ಟರು. 1930ಕ್ಕೆ ಕೂಡಲೇ ಫೋನ್ ಮಾಡಿದ್ದರೆ ಹಣ ಕೈದಾಟುವ ಮೊದಲೇ ತಡೆಹಿಡಿಯುವ ಅವಕಾಶವಿರುತ್ತಿತ್ತು. ಯುಪಿಐನಲ್ಲಿ ಹಣ ಕೊಡಲು ಪಿನ್ ಬೇಕು, ಪಡೆಯಲು ಬೇಡ. ಇಡೀ ವಿಷಯ ಇಷ್ಟೇ, ಒಂದು ಸಾಲು. ಆ ಒಂದು ಸಾಲಿಗೂ ಆ ತಾಯಿಗೂ ನಡುವೆ ನಿಂತದ್ದು ಮಗನ ಒಂದು ಗೊಣಗು. ಮೋಸಗಾರನ ದನಿ ಮಾತ್ರ ಎಷ್ಟು ಮೃದುವಾಗಿತ್ತೆಂದರೆ, "ಅವನು ಬಹಳ ತಾಳ್ಮೆಯಿಂದ ಹೇಳಿಕೊಟ್ಟ ಕಣ್ರೀ" ಎಂದು ಅವರು ಹೇಳಿದಾಗ ನನಗೆ ಕರುಳು ಹಿಂಡಿದಂತಾಯಿತು. ನಾವು ಕೊಡದ ತಾಳ್ಮೆಯನ್ನು ಕಳ್ಳ ಬಂದು ಕೊಡುತ್ತಾನೆ.

ಹಾಗಾದರೆ ಬಲ್ಲವರು ಏನು ಮಾಡಬೇಕು? ದೊಡ್ಡ ತ್ಯಾಗವೇನೂ ಬೇಡ. ಕಲಿಯುವವರ ಕೈಯಿಂದ ವಸ್ತು ಕಿತ್ತುಕೊಳ್ಳಬಾರದು. ಬೆರಳು ಅವರದೇ ಓಡಾಡಲಿ. "ತುಂಬಾ ಸುಲಭ" ಎನ್ನಬಾರದು. ಸುಲಭದ್ದೂ ಬಾರದೆ ಹೋದರೆ ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. "ಎಲ್ಲಿಯವರೆಗೆ ಬಂತು?" ಎಂದು ಕೇಳಿ ಅಲ್ಲಿಂದ ಮುಂದಕ್ಕೆ ಕರೆದೊಯ್ಯಬೇಕು. ಪದೇಪದೇ ಬರುವ ಪ್ರಶ್ನೆಗೆ ಉತ್ತರ ಬರೆದು ಗೋಡೆಗೆ ಅಂಟಿಸಬಹುದು. ಈಗ ನಮ್ಮ ಸ್ಟಾಫ್ ರೂಮಿನಲ್ಲಿ ಹಾಗೆಯೇ ಮಾಡಿದ್ದೇವೆ: ಒತ್ತಿಗೆ ಎಫ್, 'ಟ'ಗೆ ಕ್ಯೂ, 'ಡ'ಗೆ ಡಬ್ಲ್ಯು. ಕೇಳುವವರಿಗೂ ಒಂದು ಧರ್ಮವುಂಟು. ಹೇಳಿದ್ದನ್ನು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು, "ನೀನೇ ಮಾಡಿಬಿಡು" ಎನ್ನಬಾರದು, ಕಲಿತ ಮೇಲೆ ಮತ್ತೊಬ್ಬರಿಗೆ ಹೇಳಿಕೊಡಬೇಕು.

ಗೋಡೆಯ ಮೇಲಿನ ಆ ಹಾಳೆಯನ್ನು ಬರೆದವರು ಯಾರು ಗೊತ್ತೆ? ಒತ್ತಕ್ಷರ ಎಲ್ಲಿದೆ ಎಂದು ಕೇಳಿದ್ದ ಮೇಡಂ. ಅವರು ನಿವೃತ್ತರಾಗಿ ಹೋದರು; ಹಾಳೆ ಹಾಗೆಯೇ ಇದೆ. ಹೊಸದಾಗಿ ಬಂದ ಟೀಚರುಗಳು ಯಾರನ್ನೂ ಕೇಳದೆ ಅದನ್ನು ನೋಡಿಕೊಂಡು ಟೈಪು ಮಾಡುತ್ತಾರೆ. ಅದರಲ್ಲಿ ಇಲ್ಲದ್ದನ್ನು ಕೇಳಲು ಅವರಿಗೆ ಅಂಜಿಕೆಯೂ ಇಲ್ಲ.