ಒಬ್ಬನ ತಪ್ಪಿಗೆ ಐನ್‌ಮನೆಗೇ ಬೀಗ

ಕಕ್ಕಬೆಗೆ ಹೋದವರು ತಡಿಯಂಡಮೋಳ್ ಬೆಟ್ಟ, ಪಾಡಿ ಇಗ್ಗುತ್ತಪ್ಪನ ಗುಡಿ, ನಾಲ್ಕುನಾಡು ಅರಮನೆಗಳನ್ನು ನೋಡಿ ಬರುತ್ತಾರೆ. ಅಲ್ಲಿನ ಕಾಫಿ ತೋಟಗಳ ನಡುವೆ ಹಳೆಯ ಐನ್‌ಮನೆಗಳೂ ಇವೆ. ಒಂದು ಒಕ್ಕಕ್ಕೆ ಒಂದು ಐನ್‌ಮನೆ. ಹಿಂದೆ ಅಣ್ಣತಮ್ಮಂದಿರು, ಅವರ ಮಡದಿ ಮಕ್ಕಳು ಎಲ್ಲರೂ ಅದರಲ್ಲೇ ಬಾಳುತ್ತಿದ್ದರು. ಅವರಲ್ಲಿ ಒಬ್ಬ ಪುಂಡ ಹುಡುಗ ಹೊರಗೆ ಬರಬಾರದೆಂದು ಮುಂಬಾಗಿಲಿಗೇ ಬೀಗ ಜಡಿದರೆ ಉಳಿದವರ ಗತಿಯೇನು? ಅಂತರಜಾಲದಲ್ಲಿ ಇಂಥ ಬೀಗ ಬೀಳುವುದು ಅಪರೂಪವೇನಲ್ಲ.

ಕಕ್ಕಬೆಯ ಕಡೆಯ ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಹತ್ತು ಕಂಪ್ಯೂಟರುಗಳಿಗೆ ಒಂದೇ ಇಂಟರ್‌ನೆಟ್ ಸಂಪರ್ಕ. ಮಕ್ಕಳು ಕೇಳಿದ ಪುಟವನ್ನು ನಡುವೆ ನಿಂತು ತರಿಸಿಕೊಡುವ ಕಂಪ್ಯೂಟರಿಗೆ ಪ್ರಾಕ್ಸಿ ಎಂದು ಹೆಸರು. ಬೇಡದ್ದನ್ನು ತಡೆಯಲು ಅದರಲ್ಲೊಂದು ಫಿಲ್ಟರ್. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಜೇನುನೊಣದ ಬಗ್ಗೆ ಪ್ರಾಜೆಕ್ಟ್ ಬರೆಯಲು ಒಂದು ತಾಣವನ್ನು ತೆರೆಯುತ್ತಾಳೆ. ‘ಈ ತಾಣ ನಿಷಿದ್ಧ’ ಎಂಬ ಉತ್ತರ ಬರುತ್ತದೆ. ಪ್ರಾಕ್ಸಿಯ ದಾಖಲೆಯಲ್ಲಿ ಅವಳ ಹೆಸರು ಸೇರುತ್ತದೆ. ಸುದ್ದಿ ಮನೆಗೆ ಮುಟ್ಟುತ್ತದೆ. ‘ನೋಡಬಾರದ್ದು ಏನು ನೋಡಿದೆ?’ ಎಂದು ಅಪ್ಪ ಕೇಳಿದರೆ ಆ ಮಗು ಏನು ಹೇಳಬೇಕು?

ಅಸಲಿಗೆ ನಡೆದದ್ದೇ ಬೇರೆ. ಅಂತರಜಾಲದಲ್ಲಿ ಪ್ರತಿ ತಾಣಕ್ಕೂ ಹೆಸರಿನ ಜೊತೆಗೆ ಐಪಿ ವಿಳಾಸವೆಂಬ ಸಂಖ್ಯೆ ಬೇಕು. ಹಳೆಯ, ಇಂದಿಗೂ ಬಳಕೆಯಲ್ಲಿರುವ ಪದ್ಧತಿಯಲ್ಲಿ ಇಂಥ ಸಂಖ್ಯೆಗಳು ಒಟ್ಟು 429 ಕೋಟಿ ಚಿಲ್ಲರೆ ಮಾತ್ರ. ಹೀಗಾಗಿ ಒಂದೇ ವಿಳಾಸದಲ್ಲಿ ಹಲವು ತಾಣಗಳು ಬಿಡಾರ ಹೂಡುತ್ತವೆ. ಯಾವ ತಾಣ ಬೇಕೆಂದು ಬ್ರೌಸರ್ ತಾನೇ ಹೆಸರು ಹೇಳಿ ಕೇಳುತ್ತದೆ. 1997ರ ಎಚ್‌ಟಿಟಿಪಿ 1.1 ನಿಯಮ ಇದನ್ನು ಕಡ್ಡಾಯ ಮಾಡಿತು. ಹಾರ್ವರ್ಡ್‌ನ ಬೆನ್ ಎಡೆಲ್‌ಮನ್ 2003ರಲ್ಲಿ ಪರಿಶೀಲಿಸಿದಾಗ, ಚಾಲ್ತಿಯಲ್ಲಿದ್ದ ತಾಣಗಳಲ್ಲಿ ಶೇಕಡ 87ಕ್ಕಿಂತ ಹೆಚ್ಚಿನವು ಇನ್ನೊಂದರ ಜೊತೆ ವಿಳಾಸ ಹಂಚಿಕೊಂಡಿದ್ದವು. ಶಾಲೆಯವರು ಜೂಜಿನ ತಾಣವೊಂದನ್ನು ಸಂಖ್ಯೆಯಿಂದ ತಡೆದಿದ್ದರು; ಅದೇ ಸಂಖ್ಯೆಯಲ್ಲಿದ್ದ ಜೇನಿನ ತಾಣಕ್ಕೂ ಬಾಗಿಲು ಬಿತ್ತು.

ಇಡೀ ದೇಶವೇ ಇದನ್ನು ಅನುಭವಿಸಿದೆ. 2003ರ ಸೆಪ್ಟೆಂಬರಿನಲ್ಲಿ ಮೇಘಾಲಯದ ಪ್ರತ್ಯೇಕತಾವಾದಿಗಳಿಗೆ ಸೇರಿದ ‘ಕಿನ್‌ಹುನ್’ ಎಂಬ ಯಾಹೂ ಗುಂಪನ್ನು ತಡೆಯಲು ಕೇಂದ್ರ ಸರ್ಕಾರ ಆದೇಶಿಸಿತು. ಇಂಟರ್‌ನೆಟ್ ಕಂಪನಿಗಳು ಆ ಒಂದು ಗುಂಪನ್ನಷ್ಟೇ ಬೇರ್ಪಡಿಸಲಾಗದೆ ಐಪಿ ವಿಳಾಸವನ್ನೇ ತಡೆದವು. ಭಾರತದಲ್ಲಿ ಎಲ್ಲ ಯಾಹೂ ಗುಂಪುಗಳೂ ಕೆಲವು ದಿನ ಕಣ್ಮರೆಯಾದವು. ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಹೂಡಿಕೆ ವಂಚನೆಯ ತಾಣವೊಂದನ್ನು ಹೀಗೆಯೇ ತಡೆದಾಗ ಸುಮಾರು 1,200 ತಾಣಗಳು ಜೊತೆಗೇ ಮುಚ್ಚಿದವು. ಮೆಲ್ಬರ್ನ್ ಫ್ರೀ ಯೂನಿವರ್ಸಿಟಿಯ ತಾಣವೂ ಅವುಗಳಲ್ಲೊಂದು.

ಹಾಗಾದರೆ ಹೆಸರಿನಿಂದಲೇ ತಡೆದರೆ ಸಾಕಲ್ಲವೇ? ಅಲ್ಲೂ ಒಂದು ಕಿಂಡಿ ಇದೆ. ಚುರುಕು ಹುಡುಗನೊಬ್ಬ ಹೆಸರಿನ ಬದಲು ಸಂಖ್ಯೆಯನ್ನೇ ಟೈಪ್ ಮಾಡಿದರೆ, ಹೆಸರಿನ ಪಟ್ಟಿ ಮಾತ್ರ ಇಟ್ಟುಕೊಂಡ ಫಿಲ್ಟರ್ ಅವನನ್ನು ಬಿಟ್ಟುಬಿಡಬಹುದು. ಅದಕ್ಕೆಂದು ಸಂಖ್ಯೆಯಿಂದ ಬರುವ ಬೇಡಿಕೆಗಳನ್ನೆಲ್ಲ ತಡೆಯುವ ನಿಯಮ ಹಾಕುವುದುಂಟು. ಆಗ 192.168 ಎಂದು ಆರಂಭವಾಗುವ, ಶಾಲೆಯದೇ ಪ್ರಿಂಟರಿನ ಪುಟವೂ ತೆರೆಯದೆ ಹೋಗಬಹುದು.

ದೋಷ ಹುಡುಕುವುದು ಕಷ್ಟವಲ್ಲ, ತಾಳ್ಮೆ ಬೇಕು. ಮೊದಲು ಅದೇ ತಾಣವನ್ನು ಪ್ರಾಕ್ಸಿ ಇಲ್ಲದ ಸಂಪರ್ಕದಲ್ಲಿ ತೆರೆದು ನೋಡಬೇಕು. ಅಲ್ಲಿ ತೆರೆದರೆ, ತಡೆ ಶಾಲೆಯಲ್ಲೇ ಇರುವ ಸಂಭವ ಹೆಚ್ಚು. ಬಳಿಕ ಪ್ರಾಕ್ಸಿಯ ದಾಖಲೆಯಲ್ಲಿ ಆ ಹೊತ್ತಿನ ಸಾಲನ್ನು ಓದಬೇಕು. ಎನ್‌ಎಸ್‌ಲುಕಪ್ ಎಂಬ ಪುಟ್ಟ ಸಾಧನಕ್ಕೆ ತಾಣದ ಹೆಸರು ಕೊಟ್ಟರೆ ಅದರ ಸಂಖ್ಯೆ ತಿಳಿಯುತ್ತದೆ. ಆ ಸಂಖ್ಯೆ ನಿಷೇಧದ ಪಟ್ಟಿಯಲ್ಲಿದ್ದರೆ ಕಳ್ಳ ಸಿಕ್ಕಿದಂತೆಯೇ. ಸಂಖ್ಯೆಯನ್ನು ತೆಗೆದು, ತಡೆಯಬೇಕಾದ ತಾಣದ ಹೆಸರನ್ನು ಬರೆಯಬೇಕು. ವಿನಾಯಿತಿ ಕೊಡುವುದಾದರೆ ಅದನ್ನು ಬರೆಯುವ ಜಾಗವೂ ಮುಖ್ಯ. ಬಹಳ ಕಡೆ ಬಳಕೆಯಲ್ಲಿರುವ ಸ್ಕ್ವಿಡ್ ಎಂಬ ಪ್ರಾಕ್ಸಿ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿದ ನಿಯಮವೇ ಅದಕ್ಕೆ ಕೊನೆಯ ಮಾತು. ವಿನಾಯಿತಿ ನಿಷೇಧದ ಕೆಳಗಿದ್ದರೆ ಇದ್ದೂ ಇಲ್ಲದಂತೆ. ತಿದ್ದಿದ ಮೇಲೆ ಪ್ರಾಕ್ಸಿಗೆ ನಿಯಮಗಳನ್ನು ಮತ್ತೆ ಓದಲು ಹೇಳಬೇಕು. ಕೊನೆಗೆ ಎರಡು ಪರೀಕ್ಷೆ: ಜೇನಿನ ತಾಣ ತೆರೆಯಬೇಕು, ಜೂಜಿನ ತಾಣ ತೆರೆಯಬಾರದು.

ವಿದ್ಯಾರ್ಥಿಗಳೇ, ತಡೆ ಕಂಡಾಗ ಕಳ್ಳದಾರಿ ಹುಡುಕಬೇಡಿ. ತಾಣದ ಹೆಸರು, ಸಮಯ, ತೆರೆಯಮೇಲೆ ಬಂದ ಮಾತು, ಈ ಮೂರನ್ನೂ ಬರೆದು ಶಿಕ್ಷಕರಿಗೆ ಕೊಡಿ. ತಂದೆತಾಯಂದಿರಿಗೂ ಒಂದು ಮಾತು. ದಾಖಲೆಯಲ್ಲಿ ‘ನಿರಾಕರಿಸಲಾಗಿದೆ’ ಎಂದಿದ್ದರೆ ಫಿಲ್ಟರ್ ಬಾಗಿಲು ಮುಚ್ಚಿತು ಎಂದಷ್ಟೇ ಅರ್ಥ. ಮಗು ಏನನ್ನು ಹುಡುಕುತ್ತಿತ್ತು ಎಂಬುದನ್ನು ಆ ಸಾಲು ಹೇಳಲಾರದು. ಗದರಿಸುವ ಮುನ್ನ ಮಗುವಿನ ಪಕ್ಕದಲ್ಲಿ ಕುಳಿತು ಅದನ್ನೊಮ್ಮೆ ಕೇಳಿ.