ಏನಾದರೂ ಬರೆಯಿರಿ ಅಂದರು

2007ರ ಮಳೆಗಾಲ. ಹಳಿಯಾಳದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಮದುವೆ ಕಾರ್ಡು, ಜೆರಾಕ್ಸು, ಅರ್ಜಿ ಟೈಪಿಂಗು; ಮೂಲೆಯಲ್ಲಿ ಇಂಟರ್‌ನೆಟ್ ಇದ್ದ ಎರಡು ಕಂಪ್ಯೂಟರು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬ ತನ್ನ ಜೊತೆಗಾರರನ್ನು ಕಟ್ಟಿಕೊಂಡು ಕನ್ನಡದಲ್ಲೇ ಬ್ಲಾಗು ಬರೆಯುವ ತಂತ್ರಾಂಶ ಮಾಡಿದ್ದ. ಬ್ಲಾಗರ್ 1999ರಿಂದ ಇತ್ತು, ವರ್ಡ್‌ಪ್ರೆಸ್ 2003ರಿಂದ. ಕನ್ನಡದಲ್ಲಿ ಬರೆಯುವವರು 2005ರಲ್ಲಿ ಹರಿ ಪ್ರಸಾದ್ ನಾಡಿಗರು ಶುರು ಮಾಡಿದ ‘ಸಂಪದ’ದಲ್ಲಿ ಆಗಲೇ ಸೇರಿದ್ದರು. ಆದರೆ ಅಲ್ಲಿ ಬರೆಯುವವರೆಲ್ಲ ಬೆಂಗಳೂರಿನವರು, ಅಮೆರಿಕದವರು ಎಂಬುದು ನನ್ನ ಗೆಳೆಯನ ತಕರಾರು. ಹಳಿಯಾಳದವನೊಬ್ಬ ಕೂತು ಬರೆಯುವಂಥದ್ದು ಬೇಕು, ಬಿಡುಗಡೆಗೆ ಮೊದಲು ನಿನ್ನ ಕಡೆಯ ಕೆಲವರನ್ನು ಕೂಡಿಸು ಎಂದ. ಏನು ಬರೆಯಬೇಕು ಎಂದು ಕೇಳಿದೆ. ‘ಏನಾದರೂ ಬರೆಯಲಿ ಬಿಡು, ಪರೀಕ್ಷೆಗಷ್ಟೇ’ ಎಂದ.

ಮೂವರು ಒಪ್ಪಿದರು. ಜೋಯಿಡಾ ತಾಲೂಕಿನ ಶಾಲೆಗಳಲ್ಲಿ ಕಲಿಸಿ ನಿವೃತ್ತರಾಗಿದ್ದ ಒಬ್ಬ ಮಾಸ್ತರು, ಹಳ್ಳಿಶಾಲೆಯೊಂದರ ಅಕ್ಕೋರು, ಸಾಂಬ್ರಾಣಿ ಕಡೆಯಿಂದ ಡಿಗ್ರಿ ಕಾಲೇಜಿಗೆ ಬರುತ್ತಿದ್ದ ಸಿದ್ದಿ ಹುಡುಗ. ಹುಡುಗನಿಗೆ ಯಾವ ತೊಂದರೆಯೂ ಆಗಲಿಲ್ಲ. ಹಾಗಾಗಿ ಅವನ ಬಗ್ಗೆ ಹೇಳುವುದೂ ಕಡಿಮೆ.

ಪ್ರವೇಶದ ಕೊಂಡಿ ಇಮೇಲಿಗೆ ಬರುತ್ತಿತ್ತು. ಮಾಸ್ತರಿಗೂ ಅಕ್ಕೋರಿಗೂ ಇಮೇಲೇ ಇರಲಿಲ್ಲ. ಅದನ್ನು ತೆಗೆಸಲು ಕೂತಾಗ ಹುಟ್ಟಿದ ತಾರೀಖು ಕೇಳಿತು. ‘ಸಾಲೀ ದಾಖಲೆದ್ದ ಹೇಳ್ಲೋ, ಖರೇದ್ದ ಹೇಳ್ಲೋ?’ ಎಂದರು ಮಾಸ್ತರು. ಆಮೇಲೆ ಅಂಕುಡೊಂಕು ಇಂಗ್ಲಿಷ್ ಅಕ್ಷರಗಳ ಚಿತ್ರ ಬಂತು, ಅದನ್ನು ನೋಡಿ ಟೈಪ್ ಮಾಡಬೇಕು. ಸೊನ್ನೆಯೋ ‘ಓ’ ಅಕ್ಷರವೋ ಗೊತ್ತಾಗದೆ ಮಾಸ್ತರು ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದರು. ಅಷ್ಟರಲ್ಲಿ ಲೈನ್ ಕಟ್. ಮಳೆ ಜೋರಾದರೆ ಫೋನು ಸತ್ತಂತೆ, ಗಾಳಿ ಎದ್ದರೆ ಕರೆಂಟು ಹೋದಂತೆ ಎಂಬುದು ನಮ್ಮ ಕಡೆ ಹೊಸ ಮಾತಲ್ಲ.

ಒಳಗೆ ಹೋದ ಮೇಲೆ ಕನ್ನಡ ಕಾಣಲಿಲ್ಲ, ಬರೀ ಚೌಕಗಳು. ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಇದ್ದೇ ಇತ್ತು. ಆದರೆ ಒತ್ತಕ್ಷರ, ಕಾಗುಣಿತ ಕೂಡಿಸಿ ತೋರಿಸುವ ಭಾಗವನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು, ಅದಕ್ಕೆ ಮೂಲ ಸಿಡಿ ಬೇಕು. ಕಂಪ್ಯೂಟರು ಜೋಡಿಸಿ ಕೊಟ್ಟವರು ಸಿಡಿ ಕೊಟ್ಟಿರಲಿಲ್ಲ. ಹುಬ್ಬಳ್ಳಿಯಲ್ಲಿ ಪರಿಚಯದವರ ಕಾಲು ಹಿಡಿದು ತಂದು ಹಾಕಿದೆ. ಚೌಕಗಳು ಅಕ್ಷರಗಳಾದವು. ಇದು ಯಾವುದೂ ಗೆಳೆಯ ಕಳಿಸಿದ ಸೂಚನೆಯ ಹಾಳೆಯಲ್ಲಿ ಇರಲಿಲ್ಲ. ‘ಹೊಸ ಬರಹ’ ಗುಂಡಿ ಒತ್ತಿರಿ ಎಂಬಲ್ಲಿಂದ ಅದು ಶುರುವಾಗುತ್ತಿತ್ತು.

ಅಕ್ಕೋರು ಸರ್ಕಾರಿ ತರಬೇತಿಯಲ್ಲಿ ‘ನುಡಿ’ ತಂತ್ರಾಂಶ ಕಲಿತಿದ್ದರು, ಕೈ ಚುರುಕು. ಮನೆಯಲ್ಲೇ ಬರೆದು ಫ್ಲಾಪಿಯಲ್ಲಿ ತಂದರು. ಅಂಟಿಸಿದರೆ ಸೊಟ್ಟ ಸೊಟ್ಟ ಇಂಗ್ಲಿಷ್ ಅಕ್ಷರಗಳ ರಾಶಿ. ಆಗಿನ ನುಡಿಯಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಫಾಂಟು ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತದೆ. ಬ್ರೌಸರಿಗೆ ಬೇಕಾದದ್ದು ಯೂನಿಕೋಡ್. ನಾನು ಅದನ್ನು ‘ಬರಹ’ ತಂತ್ರಾಂಶದಲ್ಲಿ ಹಾಕಿ ತಿರುಗಿಸಿ, ತಪ್ಪಿದ ಅರ್ಕಾವತ್ತುಗಳನ್ನು ಕೈಯಿಂದ ಸರಿಮಾಡಿ ಕೊಟ್ಟೆ.

ಅವರು ಬರೆದದ್ದು ಬಿಸಿಯೂಟದ ಬೇಳೆಯಲ್ಲಿ ಹುಳ ಬಂದ ದಿನದ ಬಗ್ಗೆ. ಪ್ರಕಟಿಸಿ ಮನೆಗೆ ಹೋದರು. ಕತ್ತಲಾಗುವ ಹೊತ್ತಿಗೆ ಗಂಡನ ಸ್ಕೂಟರಿನಲ್ಲಿ ಮತ್ತೆ ಬಂದರು, ಉಸಿರು ಮೇಲೆ ಕೆಳಗೆ. ನೋಂದಣಿಗೆ ಕೊಟ್ಟ ಪೂರ್ತಿ ಹೆಸರು ಬರಹದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಕೂತಿತ್ತು. ‘ಹೆಸರ ತಗೀರಿ ಮದ್ಲ. ನಾ ಸರ್ಕಾರಿ ನೌಕರಿಯಾಕಿ, ನಾಳೆ ಯಾರರ ಓದಿದ್ರ?’ ತೆಗೆಯಲು ಜಾಗವೇ ಇರಲಿಲ್ಲ. ಅಳಿಸುವ ಗುಂಡಿ ಒತ್ತಿದರೆ ‘ನಿಮಗೆ ಅನುಮತಿ ಇಲ್ಲ’ ಎಂದಿತು. ತಾನೇ ಬರೆದದ್ದನ್ನು ಅಳಿಸಲು ಅನುಮತಿ ಇಲ್ಲ! ಗೆಳೆಯನ ಮೊಬೈಲು ಸ್ವಿಚ್ ಆಫ್. ಅಂಗಡಿಯ ಷಟರ್ ಅರ್ಧ ಎಳೆದುಕೊಂಡು ಮೂವರೂ ಕೂತೆವು. ಅಕ್ಕೋರು ಮಾತಾಡಲಿಲ್ಲ, ಗಂಡನೂ ಮಾತಾಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಬಹಳ ಹೊತ್ತಾದ ಮೇಲೆ ಗೆಳೆಯ ಸಿಕ್ಕ, ಡೇಟಾಬೇಸಿಗೇ ಕೈಹಾಕಿ ಅಳಿಸಿದ. ‘ಓದಿದ್ದು ನಾವು ನಾಲ್ಕು ಜನವಷ್ಟೇ, ಯಾಕೆ ಅಷ್ಟು ಹೆದರಿಕೆ?’ ಎಂದ. ನಾಲ್ಕು ಜನ ಎಂಬುದು ಅವನಿಗೆ ಗೊತ್ತಿತ್ತು, ಆ ಹೆಣ್ಣುಮಗಳಿಗೆ ಗೊತ್ತಿರಲಿಲ್ಲ.

ಏನಾದರೂ ಬರೆಯಿರಿ ಎಂದರೆ ‘ಏನಾದರೂ’ ಬರೆಯುವವರು ನಮ್ಮಲ್ಲಿ ಯಾರೂ ಇರಲಿಲ್ಲ. ತಂತ್ರಾಂಶ ಕಟ್ಟುವವರು ‘ಟೆಸ್ಟ್ ಟೆಸ್ಟ್’ ಎಂದು ಹೊಡೆದು ನೋಡಿರುತ್ತಾರೆ. ಅದು ಅಳಿದರೆ ಯಾರ ಗಂಟೂ ಹೋಗುವುದಿಲ್ಲ. ಇವರಾದರೋ ಬರೆಯಲು ಜಾಗ ಸಿಕ್ಕಿತೆಂದು ಎಷ್ಟೋ ವರ್ಷ ಒಳಗಿಟ್ಟುಕೊಂಡದ್ದನ್ನು ತಂದು ಸುರಿದರು.

ಮಾಸ್ತರು ಸುರಿದದ್ದು ಸೂಪಾದ ಸಂತೆಯನ್ನು. ಕಾಳಿ ಮತ್ತು ಪಾಂಡರಿ ಕೂಡುವಲ್ಲಿ ಇದ್ದ ಊರು ಅದು. 1980ರ ದಶಕದಲ್ಲಿ ಅಣೆಕಟ್ಟೆಯ ನೀರು ಏರಿ ಮುಳುಗಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು, ಎಷ್ಟೋ ಮಂದಿ ರಾಮನಗರಕ್ಕೆ ಹೋದರು. ಸೂಪಾದ ಆ ಸಂತೆಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು, ಕುಣಬಿಗಳು ಹೊತ್ತು ತರುತ್ತಿದ್ದ ಗೆಡ್ಡೆಗೆಣಸು, ಜೇನು, ಮುರುಗಲು, ಘಟ್ಟ ಹತ್ತಿ ಬರುತ್ತಿದ್ದ ಒಣಮೀನು, ಎಲ್ಲವನ್ನೂ ಒಂದೊಂದೇ ಅಂಗಡಿಯ ಲೆಕ್ಕದಲ್ಲಿ ಬರೆಯುತ್ತಿದ್ದರು. ತೋರುಬೆರಳೊಂದರಲ್ಲೇ ಟೈಪಿಂಗು. ಮಧ್ಯಾಹ್ನ ಕೂತವರು ಸಂಜೆ ‘ಪ್ರಕಟಿಸು’ ಒತ್ತಿದರು. ಮತ್ತೆ ಹೆಸರು, ಪಾಸ್‌ವರ್ಡ್ ಕೇಳಿತು. ಕೊಟ್ಟೆವು. ಖಾಲಿ ಪುಟ ಬಂತು.

ಹಿಂದಕ್ಕೆ ಹೋಗುವ ಬಾಣ ಒತ್ತಿದೆ, ಇದ್ದಬದ್ದ ಫೋಲ್ಡರೆಲ್ಲ ಹುಡುಕಿದೆ. ಇಲ್ಲ. ಪಕ್ಕದ ಕಂಪ್ಯೂಟರಿನಲ್ಲಿದ್ದವನು ‘ಸೂಪಾ ಎರಡನೇ ಸಲ ಮುಳುಗ್ತು’ ಎಂದು ನಕ್ಕ. ಮಾಸ್ತರು ನಗಲಿಲ್ಲ. ಜೇಬಿನಿಂದ ರೊಕ್ಕ ತೆಗೆದು ಕೂತ ಹೊತ್ತಿನ ಬಾಡಿಗೆ ಎಣಿಸಿ ಟೇಬಲ್ ಮೇಲಿಟ್ಟರು. ಬೇಡ ಎಂದರೂ ಕೇಳಲಿಲ್ಲ. ಛತ್ರಿ ಬಿಚ್ಚಿ ಹೊರಟರು.

ಗೆಳೆಯನಿಗೆ ಬರೆದೆ. ಸ್ವಲ್ಪ ಹೊತ್ತು ಸರ್ವರಿನ ಜೊತೆ ಮಾತುಕತೆ ಇಲ್ಲದಿದ್ದರೆ ಲಾಗಿನ್ ತಾನಾಗಿ ಮುಗಿಯುತ್ತದೆ, ಅದು ಭದ್ರತೆಗೆ, ನಡುವೆ ‘ಕರಡು ಉಳಿಸು’ ಒತ್ತಬೇಕಿತ್ತು ಎಂದು ಉತ್ತರ ಬಂತು. ಆ ಗುಂಡಿ ನಮ್ಮ ಪರದೆಯಲ್ಲಿ ಕಂಡೇ ಇರಲಿಲ್ಲ. ಅವನದು ಅಗಲದ ಮಾನಿಟರು, ನಮ್ಮದು 800×600ರಲ್ಲಿ ಓಡುವ ಹಳೆಯ ಡಬ್ಬಿ. ಗುಂಡಿ ಪುಟದ ಬುಡದಲ್ಲಿ, ಎರಡು ಸಲ ಕೆಳಗೆ ಸರಿಸಿದರೆ ಮಾತ್ರ ಸಿಗುವಲ್ಲಿತ್ತು. ಫೋಟೊ ಕಳಿಸಿದರೂ ಅವನು ನಂಬಲಿಲ್ಲ. ಕೊನೆಗೆ ರಾತ್ರಿ ಬಸ್ಸಿಗೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಧಾರವಾಡದ ಮೇಲೆ ಹಳಿಯಾಳ ಮುಟ್ಟಿದ. ಮಾಸ್ತರನ್ನು ನಾನೇ ಹೋಗಿ ಕೈಮುಗಿದು ಕರೆತಂದೆ.

ಗೆಳೆಯ ಅವರ ಪಕ್ಕ ಸ್ಟೂಲಿನ ಮೇಲೆ ಕೂತ. ಮೊದಮೊದಲು ‘ಹೀಗೆ ಮಾಡಿ ಸರ್’ ಎನ್ನುತ್ತಿದ್ದವನು ಆಮೇಲೆ ಸುಮ್ಮನಾದ. ಒಂದು ಸಾಲಿಗೆ ಆ ಬೆರಳು ತೆಗೆದುಕೊಳ್ಳುವ ಹೊತ್ತನ್ನು ಅವನು ಅಂದಾಜು ಮಾಡಿರಲಿಲ್ಲ. ಕರೆಂಟು ಹೋಯಿತು, ಯುಪಿಎಸ್ ಕೀಚಲು ದನಿ ಹೊರಡಿಸಿತು. ಮಾಸ್ತರು ತಟ್ಟನೆ ಕೈಬಿಟ್ಟು ‘ಹೋತೇನ?’ ಎಂದು ಅವನ ಮುಖ ನೋಡಿದರು. ಅವನು ಅಲ್ಲೇ ಲ್ಯಾಪ್‌ಟಾಪ್ ತೆಗೆದು, ಬರೆದದ್ದು ನಿಮಿಷಕ್ಕೊಮ್ಮೆ ತಾನೇ ಉಳಿಯುವಂತೆ ಮಾಡಲು ಕೂತ. ಹೆಸರು ಅಡಗಿಸುವ ಆಯ್ಕೆಯೂ ಆ ರಾತ್ರಿಯೇ ಬಂತು. ಅಕ್ಕೋರು ಮಾತ್ರ ಮತ್ತೆ ಬರೆಯಲು ಬರಲಿಲ್ಲ.

ಮಾಸ್ತರು ಸಂತೆಯನ್ನು ಇನ್ನೊಮ್ಮೆ ಬರೆದರು. ಈ ಸಲ ಮೊದಲು ನೋಟ್‌ಬುಕ್ಕಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಪ್ರಕಟವಾದದ್ದನ್ನು ನಾನು ಪ್ರಿಂಟ್ ತೆಗೆದು ಕೊಟ್ಟೆ. ನಿಂತಲ್ಲೇ ಓದಿದರು. ‘ಚಲೋ ಐತಿ. ಆದ್ರ ಮೊದಲಿಂದ್ರಾಗ ಇನ್ನೂ ನಾಕ್ ಅಂಗಡಿ ಇದ್ದೂ’ ಎಂದರು. ಯಾವವು ಎಂದು ಗೆಳೆಯ ಕೇಳಿದ, ಈಗಲೇ ಸೇರಿಸೋಣ ಎಂದ. ಮಾಸ್ತರು ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ‘ಅದ ನೆನಪಾಗವಲ್ದು ನೋಡ್ರಿ’ ಎಂದರು.